ಬಲ ತಿರುವಿನಲ್ಲಿ ಬಾಲ ಬೀಸುತ್ತೆ, ಎಡಕ್ಕೆ ಸರಿ ಇದೆ: 1/10 ಅಳತೆಯ ರಿಮೋಟ್ ಕಂಟ್ರೋಲ್ ಟೂರಿಂಗ್ ಕಾರಿನ ಸಸ್ಪೆನ್ಷನ್ ಸೆಟಪ್ ಬಗ್ಗೆ

ಟಾರ್‌ಮೇಲೆ17:

ಕಾರು ಎಕ್ಸ್‌ರೇ ಟಿ4, 17.5 ಟರ್ನ್ ಬ್ರಷ್‌ಲೆಸ್ ಮೋಟರ್, ಇಎಸ್‌ಸಿ (ಮೋಟರ್ ವೇಗ ನಿಯಂತ್ರಕ) ಬ್ಲಿಂಕಿ ಮೋಡ್‌ನಲ್ಲಿ (ಟೈಮಿಂಗ್ ಬೂಸ್ಟ್ ಇಲ್ಲದೆ), 2ಎಸ್ ಶಾರ್ಟಿ ಲೈಪೋ (ಎರಡು ಸೆಲ್ಲಿನ ಗಿಡ್ಡ ಬ್ಯಾಟರಿ). ಟೈರು 36 ನಂಬರಿನ ರಬ್ಬರ್. ಓಡಿಸೋದು ಬೆಂಗಳೂರಿನಲ್ಲಿ ಒಂದು ಪಾರ್ಕಿಂಗ್ ಜಾಗದ ಟಾರಿನ ಮೇಲೆ. ಅಲ್ಲಲ್ಲಿ ಸಣ್ಣ ಜಲ್ಲಿ ಎದ್ದಿದೆ, ಎಷ್ಟು ಗುಡಿಸಿದರೂ ಧೂಳು ಪೂರ್ತಿ ಹೋಗಲ್ಲ.

ಇಂಟರ್‌ನೆಟ್‌ನಲ್ಲಿ ಸಿಕ್ಕ ಯುರೋಪಿನ ರೇಸ್ ಸೆಟಪ್ ಶೀಟ್ ಒಂದನ್ನು ಹಾಗೇ ಹಾಕಿದ್ದೇನೆ:

ರೈಡ್ ಹೈಟ್ (ನೆಲದಿಂದ ಕಾರಿನ ತಳಕ್ಕಿರುವ ಎತ್ತರ) ಮುಂದೆ 5.0, ಹಿಂದೆ 5.2 ಮಿ.ಮೀ.
ಸ್ಪ್ರಿಂಗ್ (ಅಂಕಿ ದೊಡ್ಡದಾದಷ್ಟೂ ಗಟ್ಟಿ) ಮುಂದೆ 2.8, ಹಿಂದೆ 2.7
ಆ್ಯಂಟಿ-ರೋಲ್ ಬಾರ್ (ಕಾರು ವಾಲುವುದನ್ನು ತಡೆಯುವ ಸರಳು) ಮುಂದೆ 1.4, ಹಿಂದೆ 1.3 ಮಿ.ಮೀ.
ಡ್ಯಾಂಪರ್ ಎಣ್ಣೆ ನಾಲ್ಕಕ್ಕೂ 450 ಸಿಎಸ್‌ಟಿ (ಎಣ್ಣೆಯ ದಪ್ಪದ ಅಳತೆ)
ಡ್ರೂಪ್ (ಚಕ್ರ ಕೆಳಕ್ಕೆ ಇಳಿಯಲು ಇರುವ ಅವಕಾಶ) ಮುಂದೆ 6, ಹಿಂದೆ 5
ಕ್ಯಾಂಬರ್ (ಚಕ್ರ ವಾಲಿರುವ ಕೋನ, ಮೈನಸ್ ಅಂದರೆ ಮೇಲ್ತುದಿ ಒಳಕ್ಕೆ) ಎಲ್ಲಾ ಚಕ್ರಕ್ಕೂ ಮೈನಸ್ 2, ಹಿಂದಿನ ಟೋ-ಇನ್ (ಚಕ್ರದ ಮುಂಬದಿ ಒಳಕ್ಕೆ ತಿರುಗಿರುವ ಕೋನ) 3 ಡಿಗ್ರಿ
ಮುಂದೆ ಸ್ಪೂಲ್ (ಎರಡೂ ಚಕ್ರ ಒಟ್ಟಿಗೇ ತಿರುಗುವ ಜೋಡಣೆ), ಹಿಂದೆ ಗೇರ್ ಡಿಫ್ (ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದು), ಒಳಗಿನ ಎಣ್ಣೆ 5000 ಸಿಎಸ್‌ಟಿ

ತೊಂದರೆ ಮೂರು. ಉದ್ದ ನೇರದ ಕೊನೆಯಲ್ಲಿ ಥ್ರಾಟಲ್ ಬಿಟ್ಟ ತಕ್ಷಣ ಹಿಂಭಾಗ ಜಾರುತ್ತೆ, ಅದೂ ಬಲ ತಿರುವಿನಲ್ಲೇ ಜಾಸ್ತಿ. ತಿರುವಿನಿಂದ ಹೊರಗೆ ಬರುವಾಗ ಥ್ರಾಟಲ್ ಕೊಟ್ಟರೆ ಮುಂಭಾಗ ಹೊರಗೆ ಹೋಗುತ್ತೆ. ಎರಡು ನಿಮಿಷ ಕಳೆದ ಮೇಲೆ ಎರಡೂ ಹೆಚ್ಚಾಗುತ್ತೆ. ಹಿಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿದರೆ ಸರಿಹೋಗುತ್ತಾ, ಅಥವಾ ಮೊದಲು ಬಾರ್ ಬದಲಾಯಿಸಬೇಕಾ?

---

ಗಾಜಿನಹಲಗೆ:

ಎರಡನ್ನೂ ಈಗ ಮುಟ್ಟಬೇಡಿ. ಎಡಕ್ಕೊಂದು ಥರ, ಬಲಕ್ಕೊಂದು ಥರ ಓಡುವ ಕಾರು ಸ್ಪ್ರಿಂಗ್ ಬದಲಾಯಿಸಿದರೆ ರಿಪೇರಿ ಆಗಲ್ಲ. ಸ್ಪ್ರಿಂಗು, ಬಾರು, ಎಣ್ಣೆ ಎಲ್ಲ ಎರಡೂ ಬದಿಗೆ ಒಂದೇ ಥರ ಬದಲಾಗುವ ವಸ್ತುಗಳು. ಎಡ-ಬಲದ ವ್ಯತ್ಯಾಸ ಅಂದರೆ ಕಾರು ಟ್ವೀಕ್ ಆಗಿದೆ, ಕುಂಟ ಮಂಚದ ಹಾಗೆ ಕೋನದಿಂದ ಕೋನಕ್ಕೆ ಭಾರ ಏರುಪೇರಾಗಿದೆ.

ಬಲ ತಿರುವಿನಲ್ಲಿ ಬಾಲ ಬೀಸುತ್ತೆ ಅಂದರೆ ನನ್ನ ಲೆಕ್ಕದಲ್ಲಿ ಬಲ-ಮುಂದಿನ ಮತ್ತು ಎಡ-ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ. ಬಲಕ್ಕೆ ತಿರುಗುವಾಗ ಹೊರಬದಿಯ ಹಿಂದಿನ ಚಕ್ರ ಎಡಗಡೆಯದು. ನಿಂತಾಗಲೇ ಹೆಚ್ಚು ಭಾರ ಹೊತ್ತಿರುವ ಅದರ ಮೇಲೆ ತಿರುವಿನ ಭಾರವೂ ಬೀಳುತ್ತೆ, ಬಲ-ಹಿಂದಿನದು ಬರಿದಾಗುತ್ತೆ. ಹಿಂದಿನ ಎರಡು ಟೈರು ಸೇರಿ ಹಿಡಿಯುವ ಹಿಡಿತ ಕಮ್ಮಿಯಾಗುತ್ತೆ. ಎಡ ತಿರುವಿನಲ್ಲಿ ಇದೇ ತಿರುಗುಮುರುಗು, ಅದಕ್ಕೇ ಅಲ್ಲಿ ಕಾರು ಒಳ್ಳೆಯವನ ಹಾಗೆ ನಡೆಯುತ್ತೆ.

ಪರೀಕ್ಷೆ ಮಾಡೋಕೆ ದಪ್ಪ ಗಾಜಿನ ತುಂಡು ಅಥವಾ ಗ್ರಾನೈಟ್ ಹಲಗೆ ಬೇಕು. ಅಡುಗೆಮನೆ ಕಟ್ಟೆಯ ಗ್ರಾನೈಟ್ ಸಾಮಾನ್ಯವಾಗಿ ಸಾಕಷ್ಟು ಸಮತಟ್ಟಾಗಿಯೇ ಇರುತ್ತೆ, ಆದರೆ ಸಿಂಕಿನ ಕಡೆಗೆ ಇಳಿಜಾರು ಕೊಟ್ಟಿದ್ದಾರಾ ನೋಡಿಕೊಳ್ಳಿ. ಬಾಡಿ ತೆಗೆದು, ಬ್ಯಾಟರಿ ಹಾಕಿ.

ಮೊದಲು ನಾಲ್ಕೂ ಡ್ಯಾಂಪರ್‌ಗಳ ಕೆಳತುದಿ ಬಿಚ್ಚಿ, ಎರಡೂ ಆ್ಯಂಟಿ-ರೋಲ್ ಬಾರ್‌ಗಳ ಲಿಂಕ್ ಕಳಚಿ. ಒಂದೊಂದೇ ಆರ್ಮ್ (ಚಕ್ರ ಹಿಡಿದಿರುವ ತೋಳು) ಮೇಲೆತ್ತಿ ಬಿಡಿ. ತನ್ನ ಭಾರಕ್ಕೆ ತಾನೇ ಧೊಪ್ ಅಂತ ಬೀಳಬೇಕು. ನಿಧಾನಕ್ಕೆ ಇಳಿದರೂ ತಪ್ಪು, ಅರ್ಧದಲ್ಲಿ ನಿಂತರಂತೂ ಕೇಳೋದೇ ಬೇಡ. ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಬಾಗಿದ ಹಿಂಜ್ ಪಿನ್ (ಆರ್ಮ್ ತಿರುಗುವ ಕಡ್ಡಿ) ಇದ್ದರೆ ಗಾಜಿನ ಮೇಲೆ ಉರುಳಿಸಿದಾಗ ಕುಣಿಯುತ್ತೆ, ಎಸೆದು ಹೊಸದು ಹಾಕಿ, ಬಡಿದು ನೆಟ್ಟಗೆ ಮಾಡಬೇಡಿ. ಬಾಲ್ ಕಪ್ ಬಿಗಿಯಾಗಿದ್ದರೆ ಬಾಲ್ ಒಳಗಿರುವಾಗಲೇ ಪ್ಲಯರ್‌ನಲ್ಲಿ ಹಗುರವಾಗಿ ಒಮ್ಮೆ ಅಮುಕಿ, ಸಡಿಲವಾಗುತ್ತೆ.

ಆಮೇಲೆ ಟಾಪ್ ಡೆಕ್ (ಮೇಲಿನ ಹಲಗೆ) ಸ್ಕ್ರೂಗಳನ್ನೆಲ್ಲ ಅರ್ಧ ಸುತ್ತು ಸಡಿಲ ಮಾಡಿ. ಚಾಸಿಯನ್ನು (ಕೆಳಗಿನ ಹಲಗೆ) ಗಾಜಿಗೆ ಅಂಗೈಯಿಂದ ಒತ್ತಿ ಹಿಡಿದು ಒಂದು ಮೂಲೆ ಬಿಗಿ ಮಾಡಿದರೆ ಮುಂದಿನದು ಎದುರು ಮೂಲೆ, ಹೀಗೆ ಅಡ್ಡಡ್ಡ ಬಿಗಿಸಿ. ಗೋಡೆಗೆ ಗುದ್ದಿದ ಕಾರುಗಳಲ್ಲಿ ಅರ್ಧಕ್ಕರ್ಧ ಟ್ವೀಕ್ ಇಲ್ಲೇ ಹೋಗುತ್ತೆ.

ಈಗ ಡ್ಯಾಂಪರ್. ವರ್ನಿಯರ್‌ನಲ್ಲಿ ಪೂರ್ತಿ ಚಾಚಿದ ಉದ್ದ ಅಳೆಯಿರಿ. ಮುಂದಿನ ಜೋಡಿ ಒಂದೇ ಅಳತೆ, ಹಿಂದಿನ ಜೋಡಿ ಒಂದೇ ಅಳತೆ ಇರಬೇಕು, 0.1 ಮಿ.ಮೀ. ಒಳಗೆ. ಡ್ಯಾಂಪರ್ ಮತ್ತೆ ಜೋಡಿಸಿ, ಎಡ-ಬಲ ಡ್ರೂಪ್ ಸಮ ಮಾಡಿ. ಅದು ಸಮ ಇಲ್ಲದಿದ್ದರೆ ಮುಂದಿನ ಪರೀಕ್ಷೆ ಸುಳ್ಳು ಹೇಳುತ್ತೆ.

ಕೊನೆಗೆ ಎತ್ತುವ ಪರೀಕ್ಷೆ. ಕಾರನ್ನು ನಾಲ್ಕಾರು ಸಲ ಒತ್ತಿ ಬಿಟ್ಟು ತಾನಾಗಿ ಕೂರಲು ಬಿಡಿ. ಚಾಕುವಿನ ತುದಿಯನ್ನು ಚಾಸಿಯ ಮುಂಭಾಗದ ಸರಿಯಾದ ನಡುವೆ ಇಟ್ಟು ನಿಧಾನ ಎತ್ತಿ. ಮುಂದಿನ ಎರಡೂ ಚಕ್ರ ಒಟ್ಟಿಗೆ ಗಾಜು ಬಿಡಬೇಕು. ಕಣ್ಣಿಗೆ ನಂಬಿಕೆ ಬರದಿದ್ದರೆ ಪ್ರತಿ ಟೈರಿನ ಕೆಳಗೆ ಒಂದೊಂದು ಕಾಗದದ ಪಟ್ಟಿ ಇಟ್ಟು ಎಳೆಯುತ್ತಾ ನೋಡಿ, ಯಾವುದು ಮೊದಲು ಜಾರಿ ಬರುತ್ತೆ ಅಂತ.

ಎಲ್ಲರೂ ಎಡವುವ ಜಾಗ ಇದು: ಮುಂದೆ ಎತ್ತಿದಾಗ ವ್ಯತ್ಯಾಸ ಕಂಡರೆ ಸರಿಪಡಿಸಬೇಕಾದ್ದು ಹಿಂದಿನ ಸ್ಪ್ರಿಂಗ್ ಕಾಲರ್ (ಸ್ಪ್ರಿಂಗನ್ನು ಅಮುಕಿ ಹಿಡಿಯುವ ಉಂಗುರ). ಮುಂಭಾಗ ಗಾಳಿಯಲ್ಲಿದ್ದಾಗ ಚಾಸಿ ಎತ್ತ ವಾಲಬೇಕು ಅನ್ನೋದನ್ನು ನೆಲದ ಮೇಲಿರುವ ಹಿಂದಿನ ಸ್ಪ್ರಿಂಗ್‌ಗಳೇ ತೀರ್ಮಾನಿಸುತ್ತವೆ. ಎಡ-ಮುಂದಿನದು ಮೊದಲು ಎದ್ದರೆ ಎಡ-ಹಿಂದಿನ ಕಾಲರ್ ಸ್ವಲ್ಪ ಸಡಿಲಿಸಿ, ಬಲ-ಹಿಂದಿನದನ್ನು ಅಷ್ಟೇ ಬಿಗಿ ಮಾಡಿ. ಹಾಗೇ ಹಿಂದೆ ಎತ್ತಿ ಮುಂದಿನದನ್ನು ಸರಿಪಡಿಸಿ. ನಿಮ್ಮ ಕಾರಿನಲ್ಲಿ ಎಡ-ಮುಂದಿನದೇ ಮೊದಲು ಏಳುತ್ತೆ ಅಂತ ನನ್ನ ಊಹೆ.

ಎಲ್ಲ ಸಮ ಆದಮೇಲೆ ಬಾರ್ ಲಿಂಕ್ ಹಾಕಿ ಮತ್ತೊಮ್ಮೆ ಎತ್ತಿ ನೋಡಿ. ಈಗ ಏರುಪೇರು ಬಂದರೆ ಆ ಬಾರಿನ ಲಿಂಕ್ ಉದ್ದ ಸರಿ ಇಲ್ಲ ಅಂತ ಅರ್ಥ, ಸ್ಪ್ರಿಂಗ್ ಮುಟ್ಟದೆ ಲಿಂಕನ್ನೇ ತಿರುಗಿಸಿ.

---

ಕಾರ್ಪೆಟ್_ಕನ್ನಡಿಗ:

ಮೇಲಿನದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಆ ಶೀಟ್ ಬಗ್ಗೆ ಒಂದು ಮಾತು. ಅಂಕಿ ನೋಡಿದರೆ ಅದು ಕಾರ್ಪೆಟ್ ಶೀಟ್. ಜರ್ಮನಿಯಲ್ಲಿ ಚಳಿಗಾಲದ ರೇಸ್ ಹೆಚ್ಚಾಗಿ ಹಾಲ್ ಒಳಗೆ ಕಾರ್ಪೆಟ್ ಹಾಸಿಯೇ ನಡೆಯೋದು. ಅಲ್ಲಿ ಹಿಡಿತ ಎಷ್ಟಿರುತ್ತೆ ಅಂದರೆ ಕಾರು ಜಾರಲ್ಲ, ಒಳಚಕ್ರ ಎತ್ತಿ ಪಲ್ಟಿ ಹೊಡೆಯುತ್ತೆ. ಕಾರನ್ನು ವಾಲದ ಹಾಗೆ ಹಿಡಿಯೋಕೆ ಗಟ್ಟಿ ಸ್ಪ್ರಿಂಗ್, ದಪ್ಪ ಬಾರ್, 5 ಮಿ.ಮೀ. ರೈಡ್ ಹೈಟ್, ಎತ್ತರದ ರೋಲ್ ಸೆಂಟರ್ (ಕಾರು ವಾಲುವಾಗ ತಿರುಗುವ ಕಾಲ್ಪನಿಕ ಬಿಂದು). ಟಾರಿನ ಮೇಲೆ ನಿಮಗೆ ಬೇಕಾದ್ದು ಇದರ ಉಲ್ಟಾ: ಕಾರು ಸ್ವಲ್ಪ ವಾಲಿ ಟೈರನ್ನು ನೆಲಕ್ಕೆ ಒತ್ತಬೇಕು, ಜಲ್ಲಿ ಸಿಕ್ಕಿದರೆ ಮೇಲೆ ಕೆಳಗೆ ಆಡಬೇಕು.

ಶುರು ಮಾಡೋಕೆ ಹೀಗಿಡಿ. ರೈಡ್ ಹೈಟ್ ಎರಡೂ ಕಡೆ 5.5. ಸ್ಪ್ರಿಂಗ್ ಮುಂದೆ 2.6, ಹಿಂದೆ 2.5. ಬಾರ್ ಎರಡೂ ಕಡೆ 1.2. ಕ್ಯಾಂಬರ್ ಮುಂದೆ ಮೈನಸ್ 2, ಹಿಂದೆ ಮೈನಸ್ 1.5 ಇರಲಿ, ಆಮೇಲೆ ಟೈರಿನ ಸವೆತ ನೋಡಿ ತಿದ್ದಿ. ಒಳ ಅಂಚು ಮಾತ್ರ ಸವೆದು ಟೈರು ಶಂಕುವಿನ ಆಕಾರಕ್ಕೆ ಬಂದರೆ ಕ್ಯಾಂಬರ್ ಅರ್ಧ ಡಿಗ್ರಿ ಕಮ್ಮಿ ಮಾಡಿ.

ರೋಲ್ ಸೆಂಟರ್‌ಗೆ ಕೆಳಗಿನ ಸಸ್ಪೆನ್ಷನ್ ಹೋಲ್ಡರ್ ಅಡಿಯಲ್ಲಿರುವ ಶಿಮ್ (ಎತ್ತರ ಹೊಂದಿಸುವ ತೆಳು ಬಿಲ್ಲೆ) ನೋಡಿ. ಕಾರ್ಪೆಟ್ ಶೀಟ್ ಪ್ರಕಾರ ಹಾಕಿದ್ದರೆ ಅಲ್ಲಿ ಶಿಮ್ ಜಾಸ್ತಿ ಇರುತ್ತೆ. ಹಿಂದೆ ಎರಡೂ ಹೋಲ್ಡರ್‌ಗಳಿಂದ 0.5 ಮಿ.ಮೀ. ತೆಗೆದರೆ ಹಿಂದಿನ ರೋಲ್ ಸೆಂಟರ್ ಇಳಿದು ಹಿಡಿತ ಹೆಚ್ಚುತ್ತೆ. ಒಂದೇ ಹೋಲ್ಡರ್‌ನಿಂದ ತೆಗೆದರೆ ಆರ್ಮ್ ಮುಂದಕ್ಕೋ ಹಿಂದಕ್ಕೋ ವಾಲಿ ಬೇರೆಯದೇ ಪರಿಣಾಮ ಆಗುತ್ತೆ, ಹುಷಾರು. ಶಿಮ್ ತೆಗೆದ ಮೇಲೆ ರೈಡ್ ಹೈಟ್, ಡ್ರೂಪ್, ಕ್ಯಾಂಬರ್ ಮೂರೂ ಬದಲಾಗಿರುತ್ತೆ, ಮತ್ತೆ ಅಳೆಯಲೇಬೇಕು. ಶಿಮ್ ತೆಗೆದೆ, ಏನೂ ಪ್ರಯೋಜನ ಆಗಲಿಲ್ಲ ಅನ್ನುವವರಲ್ಲಿ ಮುಕ್ಕಾಲು ಜನ ಈ ಮರು-ಅಳತೆ ಮಾಡಿರೋದಿಲ್ಲ.

ಇನ್ನೊಂದು: ನಿಮ್ಮ ಡ್ರೂಪ್ ಮುಂದೆ 6, ಹಿಂದೆ 5 ಅಂತಿದೆ. ಯಾವ 6? ಹೇಗೆ ಅಳೆದಿರಿ?

---

ಟಾರ್‌ಮೇಲೆ17:

ಗಾಜಿನಹಲಗೆ ಸರ್, ನೀವು ಹೇಳಿದ ಹಾಗೇ ಎಡ-ಮುಂದಿನದು ಮೊದಲು ಎದ್ದಿತು. ಎಡ-ಹಿಂದಿನ ಡ್ಯಾಂಪರ್ 0.4 ಮಿ.ಮೀ. ಉದ್ದ ಇತ್ತು, ಕೆಳಗಿನ ಬಾಲ್ ಕಪ್ ಪೂರ್ತಿ ತಿರುಗಿರಲಿಲ್ಲ. ಟಾಪ್ ಡೆಕ್ ಸಡಿಲಿಸಿದಾಗ ಒಂದು ಮೂಲೆ ಟಕ್ ಅಂತ ಸದ್ದೂ ಮಾಡಿತು. ಎರಡೂ ಸರಿಪಡಿಸಿ ಓಡಿಸಿದೆ. ಈಗ ಎಡ-ಬಲ ಒಂದೇ ಥರ. ಅಂದರೆ ಈಗ ಎರಡೂ ಕಡೆ ಸಮನಾಗಿ ಜಾರುತ್ತೆ :)

ಡ್ರೂಪ್: ರೈಡ್ ಹೈಟ್‌ನಲ್ಲಿ ನಿಂತಿರುವ ಕಾರನ್ನು ಶಾಕ್ ಟವರ್ ಹಿಡಿದು ಮೇಲಕ್ಕೆತ್ತಿ, ಚಕ್ರ ನೆಲ ಬಿಡುವಷ್ಟರಲ್ಲಿ ಚಾಸಿ ಎಷ್ಟು ಮೇಲೆ ಬಂತು ಅಂತ ಅಳೆದದ್ದು. ಮುಂದೆ 6 ಮಿ.ಮೀ., ಹಿಂದೆ 5 ಮಿ.ಮೀ.

---

ಕಾರ್ಪೆಟ್_ಕನ್ನಡಿಗ:

ಸಿಕ್ಕಿತು ಕಳ್ಳ.

ಆ ಶೀಟಿನ 6 ಮತ್ತು 5 ಡ್ರೂಪ್ ಗೇಜಿನ ಅಂಕಿ. ಚಾಸಿಯನ್ನು 10 ಮಿ.ಮೀ. ಬ್ಲಾಕ್‌ಗಳ ಮೇಲಿಟ್ಟು, ಚಕ್ರ ಬಿಚ್ಚಿ, ಹಬ್‌ನ (ಚಕ್ರ ಕೂರುವ ಭಾಗ) ಅಡಿಗೆ ಮೆಟ್ಟಿಲು ಮೆಟ್ಟಿಲಾಗಿರುವ ಗೇಜನ್ನು ತೂರಿಸಿ ಓದುವುದು. ಅಲ್ಲಿ 0 ಅಂದರೆ ಬ್ಲಾಕಿನ ಮೇಲ್ಮೈ ಮಟ್ಟ. ಅಂಕಿ ದೊಡ್ಡದಾದಷ್ಟೂ ಹಬ್ ಮೇಲಿದೆ, ಅಂದರೆ ಡ್ರೂಪ್ ಕಮ್ಮಿ. ನಿಮ್ಮ ಅಳತೆಯಲ್ಲಿ ಅಂಕಿ ದೊಡ್ಡದಾದಷ್ಟೂ ಡ್ರೂಪ್ ಜಾಸ್ತಿ. ಶೀಟಿನವರು ಕಟ್ಟಿಹಾಕಿದ ಕಾರನ್ನು ನೀವು ಪೂರ್ತಿ ಬಿಚ್ಚಿಬಿಟ್ಟಿದ್ದೀರಿ.

ನಿಮ್ಮ ಎರಡೂ ಕಾಯಿಲೆಗೆ ಮೂಲ ಇದೇ. ಥ್ರಾಟಲ್ ಬಿಟ್ಟಾಗ ಭಾರ ಮುಂದಕ್ಕೆ ಹೋಗುತ್ತೆ. ಹಿಂದೆ 5 ಮಿ.ಮೀ. ಏಳೋಕೆ ಅವಕಾಶ ಇದ್ದರೆ ಹಿಂಭಾಗ ಅಷ್ಟೂ ಎದ್ದು ಮೂಗು ನೆಲಕ್ಕೆ ಮುಗ್ಗರಿಸುತ್ತೆ, ಹಿಂದಿನ ಟೈರು ಹಗುರಾಗಿ ಜಾರುತ್ತೆ. ಥ್ರಾಟಲ್ ಕೊಟ್ಟಾಗ ಮುಂಭಾಗ 6 ಮಿ.ಮೀ.ವರೆಗೆ ಎದ್ದು ಭಾರವೆಲ್ಲ ಹಿಂದಕ್ಕೆ, ಮುಂದಿನ ಟೈರಿಗೆ ಹಿಡಿತ ಇಲ್ಲ, ಕಾರು ಹೊರಗೆ. ದೋಣಿ ಥರ ಆಡ್ತಾ ಇದೆ ಅಷ್ಟೆ.

ಗೇಜಿನ ಅಂಕಿಯನ್ನು ನಿಮ್ಮ ಅಳತೆಗೆ ನೇರ ಪರಿವರ್ತಿಸುವ ಸೂತ್ರ ಇಲ್ಲ, ಟೈರಿನ ವ್ಯಾಸ, ಹಬ್ಬಿನ ಆಕಾರ, ರೈಡ್ ಹೈಟ್ ಎಲ್ಲ ಅದರಲ್ಲಿ ಸೇರಿಕೊಂಡಿದೆ. ನಿಮ್ಮ ವಿಧಾನದಲ್ಲೇ ಮುಂದುವರಿಯಿರಿ: ಮುಂದೆ 2.5, ಹಿಂದೆ 3 ಮಿ.ಮೀ. ಇಟ್ಟು ಶುರು ಮಾಡಿ. ಇನ್ನೂ ಥ್ರಾಟಲ್ ಬಿಟ್ಟಾಗ ಜಾರಿದರೆ ಹಿಂದಿನದನ್ನು 2.5ಕ್ಕೆ ಇಳಿಸಿ. ಎರಡೂ ಕಡೆ ತೀರಾ ಕಮ್ಮಿ ಮಾಡಿದರೆ ಜಲ್ಲಿಯ ಮೇಲೆ ಒಳಚಕ್ರ ಗಾಳಿಯಲ್ಲಿ ತೇಲುತ್ತೆ, ಟಾರಿನ ಮೇಲೆ 2ಕ್ಕಿಂತ ಕೆಳಗೆ ಹೋಗಬೇಡಿ.

---

ಎಣ್ಣೆಬಾಟ್ಲಿ:

ಡ್ರೂಪ್ ಸ್ಕ್ರೂ ತಿರುಗಿಸುವಾಗ ಕೈ ಬಿಗಿ ಇರಲಿ ಮಾರಾಯ್ರೆ. ಅದು ಎಂ3 ಗ್ರಬ್ ಸ್ಕ್ರೂ, ಒಂದು ಸುತ್ತಿಗೆ 0.5 ಮಿ.ಮೀ. ಆದರೆ ಅದು ಕೂತಿರುವುದು ಹಿಂಜ್ ಪಿನ್ ಪಕ್ಕದಲ್ಲೇ, ಚಕ್ರ ಇರುವುದು ಅದರ ಮೂರ್ನಾಲ್ಕು ಪಟ್ಟು ದೂರ. ಕಾಲು ಸುತ್ತು ತಿರುಗಿಸಿದರೆ ಚಕ್ರದ ಹತ್ತಿರ ಅರ್ಧ ಮಿ.ಮೀ. ಹತ್ತಿರ ಹತ್ತಿರ ಬದಲಾಗುತ್ತದೆ. ಆರ್ಮ್ ಪೂರ್ತಿ ಇಳಿದಾಗ ತಡೆಯುವುದು ಆ ಸ್ಕ್ರೂವೇ ಹೌದೋ, ಅಲ್ಲ ಡ್ಯಾಂಪರೋ ಅಂತಲೂ ನೋಡಿ. ಡ್ಯಾಂಪರ್ ಗಿಡ್ಡ ಇದ್ದು ಅದೇ ಎಳೆದು ನಿಲ್ಲಿಸುತ್ತಿದ್ದರೆ ಸ್ಕ್ರೂ ಎಷ್ಟು ತಿರುಗಿಸಿದರೂ ವ್ಯರ್ಥ.

ಈಗ ಎರಡು ನಿಮಿಷದ ವಿಷಯ. ಬೆಂಗಳೂರಿನಲ್ಲಿ ಮಾರ್ಚ್-ಏಪ್ರಿಲ್ ಮಧ್ಯಾಹ್ನ ಟಾರು 50 ಡಿಗ್ರಿ ದಾಟುತ್ತದೆ. ಸಿಲಿಕೋನ್ ಎಣ್ಣೆಯ ಮೇಲೆ ಬರೆದಿರುವ ಸಿಎಸ್‌ಟಿ 25 ಡಿಗ್ರಿಯ ಲೆಕ್ಕ. 50ಕ್ಕೆ ಹೋದರೆ ಸುಮಾರು ಮೂರನೇ ಒಂದು ಭಾಗ ತೆಳುವಾಗುತ್ತದೆ, ನಿಮ್ಮ 450 ಆಗ 300ರ ಆಸುಪಾಸು. ಬಿಸಿಲಲ್ಲಿ ಕಾರು ಇಟ್ಟಿದ್ದರೆ ಕಪ್ಪು ಅಲ್ಯೂಮಿನಿಯಂ ಡ್ಯಾಂಪರ್ ಓಡುವ ಮೊದಲೇ ಕಾದಿರುತ್ತದೆ. ಬೆಳಿಗ್ಗೆ 7 ಗಂಟೆಗೆ 400, ಮಧ್ಯಾಹ್ನಕ್ಕೆ 500 ಇಟ್ಟುಕೊಂಡರೆ ಕಾರಿನ ನಡತೆ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಬೇರೆ ಬೇರೆ ಕಂಪನಿ ಎಣ್ಣೆ ಬೆರೆಸಬೇಡಿ. ಬಾಟ್ಲಿ ಮೇಲೆ ಡಬ್ಲ್ಯೂಟಿ ಅಂತ ಮಾತ್ರ ಇದ್ದರೆ, 30 ಡಬ್ಲ್ಯೂಟಿ ಅಂದರೆ ಸುಮಾರು 350 ಸಿಎಸ್‌ಟಿ, 40 ಅಂದರೆ ಸುಮಾರು 500. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ.

ತುಂಬುವಾಗ: ಪಿಸ್ಟನ್ ಪೂರ್ತಿ ಕೆಳಗೆ ಎಳೆದು, ಎಣ್ಣೆ ಅಂಚಿನವರೆಗೆ ಹಾಕಿ, ಪಿಸ್ಟನ್ನನ್ನು ಎಣ್ಣೆಯ ಮಟ್ಟಕ್ಕಿಂತ ಮೇಲೆ ಬರಲು ಬಿಡದೆ ನಿಧಾನಕ್ಕೆ ಹತ್ತು ಸಲ ಆಡಿಸಿ. ಗುಳ್ಳೆ ಎದ್ದು ಒಡೆಯಲು 15 ನಿಮಿಷ ನಿಲ್ಲಿಸಿಡಿ. ಆಮೇಲೆ ಬ್ಲ್ಯಾಡರ್ (ರಬ್ಬರ್ ಪೊರೆ), ಮುಚ್ಚಳ. ಶಾಫ್ಟ್ ಪೂರ್ತಿ ಒಳಗೆ ಒತ್ತಿ ಬಿಟ್ಟಾಗ ಎಷ್ಟು ಹಿಂದೆ ಬರುತ್ತದೆ ಎನ್ನುವುದು ಜೋಡಿಯಲ್ಲಿ ಒಂದೇ ಇರಬೇಕು. ಒಂದು ಅರ್ಧ ಬಂದು ಇನ್ನೊಂದು ಅಲ್ಲೇ ಕೂತರೆ ಅದೂ ಒಂದು ಟ್ವೀಕೇ. ಕಿವಿ ಹತ್ತಿರ ಹಿಡಿದು ಆಡಿಸಿ, ಪಿಚಕ್ ಪಿಚಕ್ ಅಂದರೆ ಒಳಗೆ ಗಾಳಿ ಇದೆ, ಬಿಚ್ಚಿ ಮತ್ತೆ ಮಾಡಿ.

ಎಣ್ಣೆಗಿಂತ ಮೊದಲು ಟೈರ್ ಅಳೆಯಿರಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಇದ್ದರೆ ಕಾರು ನಿಂತ ತಕ್ಷಣ ನಾಲ್ಕೂ ಟೈರ್ ನೋಡಿ. ಹಿಂದಿನದು ಮುಂದಿನದಕ್ಕಿಂತ 10 ಡಿಗ್ರಿ ಜಾಸ್ತಿ ಇದ್ದರೆ ಅವು ಜಾರಿ ಜಾರಿಯೇ ಕಾದಿವೆ. ಕಾದಷ್ಟೂ ಇನ್ನೂ ಜಾರುತ್ತವೆ, ನಿಮ್ಮ ಎರಡು ನಿಮಿಷ ಎಂದರೆ ಇದೇ ಇರಬಹುದು. ಡ್ರೂಪ್ ಸರಿಯಾದರೆ ಇದು ಅರ್ಧ ತಾನಾಗಿ ಇಳಿಯುತ್ತದೆ.

ಕಾರ್ಪೆಟ್‌ನವರು ಹೇಳಿದ ಪಟ್ಟಿಗೆ ನನ್ನದೊಂದು ತಕರಾರು. ಸ್ಪ್ರಿಂಗ್, ಬಾರ್, ಶಿಮ್ ಎಲ್ಲ ಒಂದೇ ಸಲ ಬದಲಾಯಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಮೊದಲು ಡ್ರೂಪ್ ಮತ್ತು ರೈಡ್ ಹೈಟ್ ಮಾತ್ರ ಸರಿ ಮಾಡಿ 5 ನಿಮಿಷ ಓಡಿಸಿ. ಆಮೇಲೂ ಹಿಂಭಾಗ ಜಾರಿದರೆ ಹಿಂದಿನ ಬಾರ್ 1.2ಕ್ಕೆ ಇಳಿಸಿ, ಸ್ಪ್ರಿಂಗ್ ಕೊನೆಗೆ.

---

ಕಾರ್ಪೆಟ್_ಕನ್ನಡಿಗ:

ಬಾರ್ ಮೊದಲೋ ಸ್ಪ್ರಿಂಗ್ ಮೊದಲೋ ಅನ್ನೋದರಲ್ಲಿ ನಮ್ಮಿಬ್ಬರ ದಾರಿ ಬೇರೆ. ಬಾರ್ ವಾಲುವಿಕೆಯನ್ನು ಮಾತ್ರ ಹಿಡಿಯುತ್ತೆ, ನೇರದಲ್ಲಿ ಮೂಗು ಮುಗ್ಗರಿಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಜಲ್ಲಿ ಇರುವ ಟಾರಿಗೆ ನಾನು ಸ್ಪ್ರಿಂಗನ್ನೇ ಮೊದಲು ಮೆತ್ತಗೆ ಮಾಡೋದು. ಆದರೆ ಒಂದೊಂದೇ ಬದಲಾಯಿಸಿ ಅನ್ನೋದು ಸರಿ, ನಾನು ಪಟ್ಟಿ ಕೊಟ್ಟದ್ದು ಗುರಿಯಾಗಿ, ಒಂದೇ ದಿನದ ಕೆಲಸವಾಗಿ ಅಲ್ಲ.

---

ಗಾಜಿನಹಲಗೆ:

ಇನ್ನೊಂದು ಯಾರೂ ಕೇಳಲಿಲ್ಲ: ಇಎಸ್‌ಸಿಯಲ್ಲಿ ಡ್ರ್ಯಾಗ್ ಬ್ರೇಕ್ (ಥ್ರಾಟಲ್ ಬಿಟ್ಟರೆ ತಾನಾಗಿ ಬೀಳುವ ಬ್ರೇಕ್) ಎಷ್ಟಿದೆ? ಥ್ರಾಟಲ್ ಬಿಟ್ಟ ತಕ್ಷಣ ಹಿಂಭಾಗ ಜಾರುವ ಕಾರಿನಲ್ಲಿ ಅದನ್ನು 0ಗೆ ಇಳಿಸಿ ಒಮ್ಮೆ ಓಡಿಸಬೇಕು. ಪೈಸೆ ಖರ್ಚಿಲ್ಲದ ಪರೀಕ್ಷೆ. ಟ್ರಾನ್ಸ್‌ಮಿಟರ್‌ನಲ್ಲಿ ಥ್ರಾಟಲ್ ಟ್ರಿಮ್ ಬ್ರೇಕ್ ಕಡೆಗೆ ಒಂದೆರಡು ಕ್ಲಿಕ್ ಸರಿದಿದ್ದರೂ ಇದೇ ಕಥೆ.

---

ಟಾರ್‌ಮೇಲೆ17:

ಡ್ರ್ಯಾಗ್ ಬ್ರೇಕ್ 12% ಇತ್ತು! 0 ಮಾಡಿದೆ. ಡ್ರೂಪ್ ಮುಂದೆ 2.5, ಹಿಂದೆ 3, ರೈಡ್ ಹೈಟ್ 5.5. ಸ್ಪ್ರಿಂಗ್, ಬಾರ್, ಎಣ್ಣೆ ಯಾವುದೂ ಮುಟ್ಟಿಲ್ಲ. ಸಂಜೆ 5ಕ್ಕೆ ಓಡಿಸಿದಾಗ ಥ್ರಾಟಲ್ ಬಿಟ್ಟರೂ ಹಿಂಭಾಗ ನಿಲ್ಲುತ್ತೆ, ಹೊರಬರುವಾಗ ಮುಂಭಾಗ ಎಳೆಯುತ್ತೆ. ಜಲ್ಲಿ ಇರುವ ತಿರುವಿನಲ್ಲಿ ಮಾತ್ರ ಇನ್ನೂ ಟಪಟಪ ಅಂತ ಹಾರುತ್ತೆ. ಟೈರ್ ಮುಂದೆ 46, ಹಿಂದೆ 51 ಡಿಗ್ರಿ.

ಹಿಂದಿನ ಟೋ-ಇನ್ 3ರಿಂದ 2.5ಕ್ಕೆ ಇಳಿಸಿದರೆ ನೇರದಲ್ಲಿ ವೇಗ ಸಿಗುತ್ತೆ ಅಂತಾರೆ. ಈಗಲೇ ಮಾಡಬಹುದಾ?

---

ಎಣ್ಣೆಬಾಟ್ಲಿ:

ಈಗ ಬೇಡ. 17.5ರಲ್ಲಿ ಟೋ ಕಮ್ಮಿ ಮಾಡಿದರೆ ಟೈರ್ ಉಜ್ಜುವುದು ಕಮ್ಮಿಯಾಗಿ ವೇಗ ಸಿಗುತ್ತದೆ ನಿಜ. ಆದರೆ ಹಿಂಭಾಗದ ಸ್ಥಿರತೆಯಿಂದಲೇ ಅದನ್ನು ಕಡ ತೆಗೆಯುತ್ತೀರಿ. ಮೊದಲು ಆ ಟಪಟಪ ಸರಿ ಮಾಡಿ: ಸ್ಪ್ರಿಂಗ್ ಮುಂದೆ 2.6, ಹಿಂದೆ 2.5. (ಹೌದು, ಜಲ್ಲಿಯ ವಿಷಯದಲ್ಲಿ ಕಾರ್ಪೆಟ್‌ನವರೇ ಗೆದ್ದರು.) ಸ್ಪ್ರಿಂಗ್ ಹಾಕಿದ ಮೇಲೆ ಕಾರು ಕೆಳಗೆ ಕೂರುತ್ತದೆ, ಕಾಲರ್ ತಿರುಗಿಸಿ 5.5ಕ್ಕೆ ತನ್ನಿ, ನಾಲ್ಕೂ ಮೂಲೆ, ಆಮೇಲೆ ಚಾಕುವಿನ ಪರೀಕ್ಷೆ ಮತ್ತೊಮ್ಮೆ. ಹಿಂದಿನ ಟೈರ್ ಮುಂದಿನದಕ್ಕಿಂತ 3 ಡಿಗ್ರಿಗಿಂತ ಜಾಸ್ತಿ ಕಾಯದ ಮಟ್ಟಕ್ಕೆ ಬಂದರೆ ಆಗ ಟೋ 2.5 ಮಾಡಿ. ಟೋ ಬದಲಾಯಿಸಿದಾಗ ಹಿಂದಿನ ಕ್ಯಾಂಬರ್ ಕೂಡ ಸ್ವಲ್ಪ ಸರಿಯುತ್ತದೆ, ಅಳೆಯದೆ ಟ್ರ್ಯಾಕಿಗೆ ಇಳಿಸಬೇಡಿ.